ಬಂದರಿನಲ್ಲೇ ಮುಳುಗಿದ ಯುದ್ಧನೌಕೆ

1628ನೆಯ ಇಸವಿ ಆಗಸ್ಟ್ 10. ಸ್ವೀಡನ್ನಿನ ರಾಜಧಾನಿಯಾದ ಸ್ಟಾಕ್‌ಹೋಮಿನ ಬಂದರಿನಲ್ಲಿ ಜನ ನೆರೆದಿದ್ದರು. ದೊರೆ ಎರಡನೆಯ ಗುಸ್ತಾವ್ ಅಡಾಲ್ಫನ ಹೊಸ ಯುದ್ಧನೌಕೆ ‘ವಾಸಾ’ ಅಂದು ತನ್ನ ಮೊದಲ ಯಾನಕ್ಕೆ ಹೊರಟಿತ್ತು. ಅದರಲ್ಲಿದ್ದ ಫಿರಂಗಿಗಳು 64. ಬಹುಪಾಲು ಎರಡು ಅಂತಸ್ತುಗಳಲ್ಲಿ ಸಾಲುಗೊಂಡಿದ್ದುವು. ನೌಕೆ ಸುಮಾರು 1,300 ಮೀಟರು ಸಾಗಿತ್ತು, ಅಷ್ಟೆ. ಬೀಸಿ ಬಂದ ಒಂದು ಗಾಳಿಗೆ ಅದು ಎಡಕ್ಕೆ ವಾಲಿತು. ತೆರೆದಿದ್ದ ಕೆಳಸಾಲಿನ ಫಿರಂಗಿ ಕಿಂಡಿಗಳೊಳಕ್ಕೆ ನೀರು ನುಗ್ಗಿತು. ದಡದವರು ನೋಡುತ್ತಿದ್ದಂತೆಯೇ ವಾಸಾ 32 ಮೀಟರು ಆಳಕ್ಕಿಳಿಯಿತು. ಸುಮಾರು 30 ಮಂದಿ ಪ್ರಾಣ ಕಳೆದುಕೊಂಡರು.

ಬಿರುಗಾಳಿಯಿಲ್ಲ, ಬಂಡೆಯಿಲ್ಲ, ಶತ್ರುವಿಲ್ಲ. ಹೀಗಿದ್ದೂ ನೌಕೆ ಮುಳುಗಿದ್ದೇಕೆ?

ಎತ್ತಿನ ಗಾಡಿಗೆ ಹುಲ್ಲನ್ನು ಬಹಳ ಎತ್ತರಕ್ಕೆ ಹೇರಿದರೆ ಸಣ್ಣ ಹಳ್ಳಕ್ಕೂ ಅದು ಮಗುಚುವುದನ್ನು ನೀವು ನೋಡಿರಬಹುದು. ಭಾರವು ಮೇಲಕ್ಕೇರಿದಂತೆ ಗುರುತ್ವಕೇಂದ್ರವೂ ಮೇಲಕ್ಕೇರುತ್ತದೆ. ಹಡಗು ವಾಲಿದಾಗ ವಾಲಿದ ಬದಿಯು ಹೆಚ್ಚಾಗಿ ಮುಳುಗುತ್ತದೆ. ಅಲ್ಲಿ ನೀರಿನ ಮೇಲ್ನೂಕು ಹೆಚ್ಚಿ ಹಡಗನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ಗುರುತ್ವಕೇಂದ್ರ ತೀರ ಮೇಲಿದ್ದರೆ ಈ ನೂಕು ಸಾಲದು. ವಾಸಾದ ಮೇಲ್ಭಾಗ ಅತಿ ಭಾರವಾಗಿತ್ತು. ತಳದಲ್ಲಿ ಸುಮಾರು 120 ಟನ್ನು ಕಲ್ಲು ಹೇರಿದ್ದರೂ ಸಾಲಲಿಲ್ಲ. ಇನ್ನಷ್ಟು ಹೇರೋಣವೆಂದರೆ ಕಿಂಡಿಗಳು ನೀರಿಗೆ ಮತ್ತಷ್ಟು ಸಮೀಪವಾಗುತ್ತಿದ್ದುವು.

ಈ ದೋಷವು ಮೊದಲೇ ಕಂಡುಬಂದಿತ್ತೆಂಬುದೇ ದುಃಖದ ಸಂಗತಿ. ಯಾನಕ್ಕೆ ಮುನ್ನ 30 ಮಂದಿಯನ್ನು ನೌಕೆಯ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಿಸಿ ಪರೀಕ್ಷಿಸಿದ್ದರು. ಮೂರನೆಯ ಓಟಕ್ಕೇ ಅದು ಭಯಂಕರವಾಗಿ ತೂಗಾಡಿತು. ಉಪನೌಕಾಧಿಪತಿ ಫ್ಲೆಮಿಂಗ್ ಪರೀಕ್ಷೆಯನ್ನು ನಿಲ್ಲಿಸಿದನು, ಯಾನವನ್ನು ನಿಲ್ಲಿಸಲಿಲ್ಲ. ಯುದ್ಧರಂಗದಲ್ಲಿದ್ದ ದೊರೆಗೆ ನೌಕೆ ಬೇಗನೆ ಬೇಕಾಗಿತ್ತು. ಬಳಿಕ ವಿಚಾರಣೆ ನಡೆಯಿತು, ಯಾರಿಗೂ ಶಿಕ್ಷೆಯಾಗಲಿಲ್ಲ.

ಮುಳುಗಿದ ಮರವು ಮೂರು ಶತಮಾನಗಳಾದರೂ ಅಳಿಯಲಿಲ್ಲ. ಮರವನ್ನು ಕೊರೆದು ತಿನ್ನುವ ಟೆರೆಡೊ ಎಂಬ ಮೃದ್ವಂಗಿಯು ಅಲ್ಲಿನ ಉಪ್ಪು ಕಡಿಮೆಯಾದ ಬಾಲ್ಟಿಕ್ ನೀರಿನಲ್ಲಿ ಬಾಳಲಾರದು. 1956ರಲ್ಲಿ ಆಂಡರ್ಸ್ ಫ್ರಾನ್ಸೆನ್ ಎಂಬವರು ಹಗ್ಗಕ್ಕೆ ಕಟ್ಟಿದ ಉಪಕರಣವೊಂದನ್ನು ಇಳಿಬಿಟ್ಟು ಕಪ್ಪಾದ ಓಕ್ ಮರದ ಚೂರನ್ನು ಮೇಲೆತ್ತಿದರು. 1961ರ ಏಪ್ರಿಲ್ 24ರಂದು ವಾಸಾ ಮತ್ತೆ ಬೆಳಕು ಕಂಡಿತು. ನೀರು ತುಂಬಿದ ಮರವನ್ನು ಹಾಗೆಯೇ ಒಣಗಲು ಬಿಟ್ಟರೆ ಅದು ಕುಗ್ಗಿ ಸೀಳುತ್ತದೆ. ಆದುದರಿಂದ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ವಸ್ತುವಿನ ದ್ರಾವಣವನ್ನು 17 ವರ್ಷಗಳ ಕಾಲ ಸಿಂಪಡಿಸಿ, ಮರದೊಳಗಿನ ನೀರಿನ ಸ್ಥಾನದಲ್ಲಿ ಅದನ್ನು ತುಂಬಿದರು.

1990ರಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ವಾಸಾ ಇಂದು ನಿಂತಿದೆ. ತನ್ನ ಭಾರಕ್ಕೇ ಅದರ ಒಡಲು ಅತಿ ನಿಧಾನವಾಗಿ ಬಾಗುತ್ತಿದೆ. ವಿಜ್ಞಾನಿಗಳು ಮಿಲಿಮೀಟರಿನಷ್ಟು ಸೂಕ್ಷ್ಮ ಚಲನೆಯನ್ನೂ ಅಳೆದು ಆಸರೆ ಕೊಡುತ್ತಿದ್ದಾರೆ. ಅಂದು ಮೂರೇ ಓಟಕ್ಕೆ ನಿಂತ ಪರೀಕ್ಷೆಯು ಇಂದು ನಿಲ್ಲದೆ ನಡೆದಿದೆ.