ಫೋನಿನಲ್ಲಿ ಮನೆಮಂದಿಗೆ ಚಿಕಿತ್ಸೆ

ಒಂದು ಮನೆ ಇದೆ ಅಂತ ಇಟ್ಟುಕೊಳ್ಳಿ. 2021ರ ಮೇ ತಿಂಗಳು. ಕೊರೊನಾ ಎರಡನೇ ಅಲೆಯ ಕಾಲ. ಆಸ್ಪತ್ರೆಗೆ ಹೋದ ಯಜಮಾನ ವಾಪಸ್ಸು ಬರಲಿಲ್ಲ. ಶವವನ್ನು ಮನೆಗೆ ತರಲಾಗಲಿಲ್ಲ. ಬಾಯಿಗೆ ನೀರು ಬಿಡೋಕೂ ಆಗಲಿಲ್ಲ. ಹೆಂಡತಿ ಮಾತು ಬಿಟ್ಟಳು. ದೊಡ್ಡ ಮಗ ಎಲ್ಲದಕ್ಕೂ ಸಿಡುಕುತ್ತಾನೆ. ಚಿಕ್ಕ ಹುಡುಗಿ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾಳೆ. ಅಜ್ಜಿಯೋ, "ಎಲ್ಲಾ ಸೊಸೆಯ ಕಾಲ್ಗುಣ" ಅಂತಾಳೆ.

ಇಂಥ ಮನೆ ನೀವೂ ಕಂಡಿರಬಹುದು. ಪೆಟ್ಟು ಬಿದ್ದದ್ದು ಒಬ್ಬರಿಗಲ್ಲ, ಇಡೀ ಮನೆಗೆ. ಇದಕ್ಕೆ ಮನಸ್ಸಿನ ಆಘಾತ ಎನ್ನುತ್ತಾರೆ. ಒಬ್ಬರನ್ನು ಮಾತ್ರ ಮಾತಾಡಿಸಿದರೆ ಸಾಲದು. ಎಲ್ಲರನ್ನೂ ಒಟ್ಟಿಗೆ ಕೂರಿಸಬೇಕು. ಒಬ್ಬರ ನೋವು ಇನ್ನೊಬ್ಬರ ಕಿವಿಗೆ ಬೀಳಬೇಕು. ಇದೇ ಕುಟುಂಬ ಚಿಕಿತ್ಸೆ. ಇಲ್ಲಿ ಮುಖ್ಯ ಮದ್ದು ಮಾತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗಾಗಿಯೇ ಒಂದು ಕೇಂದ್ರ ಇದೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಬಸ್ಸಿಲ್ಲ, ರೈಲಿಲ್ಲ. ಆಗ ಚಿಕಿತ್ಸಕರು ಫೋನು ಹಿಡಿದರು, ವಿಡಿಯೋ ಕರೆ ಮಾಡಿದರು. ಅದೇ ತಿಂಗಳು ಕೇಂದ್ರ ಸರ್ಕಾರ ದೂರದಿಂದ ಚಿಕಿತ್ಸೆ ಕೊಡಲು ನಿಯಮಗಳನ್ನೂ ಹೊರಡಿಸಿತು.

ಅದು ಸುಲಭದ ಕೆಲಸ ಆಗಿರಲಿಲ್ಲ. ಪರದೆಯಲ್ಲಿ ಮುಖ ಮಾತ್ರ ಕಾಣುತ್ತದೆ. ಕೈ ನಡುಗುತ್ತಿದೆಯೋ ಇಲ್ಲವೋ ಕಾಣೋಲ್ಲ. ಅಜ್ಜಿ ಮೂಲೆಯಲ್ಲಿ ಕೂತು ಕೇಳುತ್ತಿದ್ದರೂ ಗೊತ್ತಾಗೋಲ್ಲ. ಸದ್ದು ನಿಂತಿತು ಅನ್ನಿ. ನೆಟ್‌ವರ್ಕ್ ಹೋಯಿತೋ, ಅಳುತ್ತಿದ್ದಾರೋ? ಎದುರಿಗಿದ್ದರೆ ಒಂದು ಲೋಟ ನೀರು ಕೊಡಬಹುದಿತ್ತು. ನಾನೂ ಆಗ ಮಕ್ಕಳಿಗೆ ಫೋನಿನಲ್ಲಿ ಪಾಠ ಹೇಳಿದವನು. ಹುಡುಗ "ಹೂಂ ಸಾರ್" ಅಂದರೆ ತಿಳಿಯಿತು ಅಂತಲೋ, ಬೇಜಾರು ಅಂತಲೋ ನನಗೆ ಗೊತ್ತಾಗುತ್ತಿರಲಿಲ್ಲ. ಮಗ್ಗಿ ಲೆಕ್ಕಕ್ಕೇ ಹೀಗಾದರೆ ದುಃಖದ ಮಾತಿಗೆ ಹೇಗಿರಬೇಡ!

ಅದಕ್ಕೇ ಚಿಕಿತ್ಸಕರು ಮೊದಲೇ ಕೆಲವು ವಿಷಯ ಕೇಳಿಕೊಳ್ಳುತ್ತಾರೆ. ಈಗ ಎಲ್ಲಿದ್ದೀರಿ? ಪಕ್ಕದಲ್ಲಿ ಯಾರಿದ್ದಾರೆ? ಕರೆ ಕಡಿದರೆ ಯಾವ ನಂಬರಿಗೆ ಮಾಡಲಿ? ತುರ್ತು ಬಂದರೆ ಹತ್ತಿರ ಯಾರು ಬರುತ್ತಾರೆ?

ಇನ್ನೊಂದು ಕಷ್ಟ ಗುಟ್ಟಿನದು. ಒಂದೇ ಕೋಣೆಯ ಮನೆ. ಅತ್ತೆ ಕೇಳಿಸಿಕೊಳ್ಳುವಾಗ ಸೊಸೆ ಏನು ತಾನೇ ಹೇಳಿಯಾಳು? ಕೆಲವರು ಕೊಟ್ಟಿಗೆಗೆ, ಮಾಳಿಗೆಗೆ ಹೋಗಿ ಮಾತಾಡುತ್ತಾರೆ. ಹೊಡೆತ ಬಡಿತ ಇರುವ ಮನೆಯಾದರೆ ಇನ್ನೂ ಜೋಪಾನ. ಅಲ್ಲಿ "ಈಗ ಮಾತಾಡಬಹುದೇ?" ಎಂಬುದೇ ಮೊದಲ ಪ್ರಶ್ನೆ. ಬರೀ ಹೂಂ, ಉಹೂಂ ಎಂದು ಉತ್ತರಿಸುವಂತೆ ಕೇಳಬೇಕಾಗುತ್ತದೆ. ಜಗಳ ಹತ್ತಿ ಮಗ ಎದ್ದು ಹೊರಟನೋ, ಚಿಕಿತ್ಸಕರಿಗೆ ಕಾಣೋದು ಖಾಲಿ ಬಾಗಿಲು ಮಾತ್ರ.

ಲಾಭವೂ ಇಲ್ಲದಿಲ್ಲ. ಬಸ್ ಚಾರ್ಜು, ಒಂದು ದಿನದ ಕೂಲಿ ಉಳಿಯಿತು. ಪರಊರಿನಲ್ಲಿ ದುಡಿಯುವ ಅಣ್ಣನೂ ಮಾತಿಗೆ ಸೇರಬಹುದು. ಆಸ್ಪತ್ರೆ ಕಂಡರೆ ಹೆದರುವ ಮಗು ಮನೆಯಲ್ಲಿ ತನ್ನ ಗೊಂಬೆ ತಂದು ತೋರಿಸುತ್ತದೆ. ಗೋಡೆ ಮೇಲೆ ಅಪ್ಪನ ಫೋಟೋ, ಗೂಟದಲ್ಲಿ ಇನ್ನೂ ತೂಗುವ ಅವನ ಅಂಗಿ, ಇವೆಲ್ಲ ಕಣ್ಣಿಗೆ ಬೀಳುತ್ತವೆ. ಆ ಅಂಗಿಯಿಂದಲೇ ಮಾತು ಶುರುವಾಗಬಹುದು.

ಚಿಕಿತ್ಸಕರೂ ಮನುಷ್ಯರೇ ತಾನೆ? ಆ ಕಾಲದಲ್ಲಿ ಅವರ ಮನೆಗಳಲ್ಲೂ ಸಾವು ನೋವು ಇತ್ತು. ಕರೆ ಮುಗಿದ ಕೂಡಲೇ ಅದೇ ಕೋಣೆಯಲ್ಲಿ ಅವರ ಮಗು ಊಟಕ್ಕೆ ಕರೆಯುತ್ತಿತ್ತು. ಕೇಳಿದ ದುಃಖ ಇಳಿಸೋಕೆ ಹಾದಿಯೇ ಇಲ್ಲ. ಅದಕ್ಕೆ ಅವರೂ ತಮ್ಮ ಹಿರಿಯ ಚಿಕಿತ್ಸಕರ ಹತ್ತಿರ ಹೇಳಿಕೊಳ್ಳುತ್ತಾರೆ.

ಎದುರು ಕೂತು ಆಡುವ ಮಾತಿಗೆ ಫೋನು ಸಮ ಅಂತ ನಾನು ಹೇಳೋಲ್ಲ. ಆದರೆ ಆಸ್ಪತ್ರೆ ದೂರ ಇರುವವರಿಗೆ ಅದೊಂದು ಬಾಗಿಲು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಟೆಲಿ ಮಾನಸ್ ಎಂಬ ಸಹಾಯವಾಣಿ ಶುರು ಮಾಡಿತು. ಅದಕ್ಕೆ ನಿಮ್ಹಾನ್ಸೇ ಮುಖ್ಯ ಕೇಂದ್ರ. ನಂಬರ್ 14416. ಹಗಲು ರಾತ್ರಿ ಮಾಡಬಹುದು. ಕಾಸು ಕೊಡಬೇಕಿಲ್ಲ. ಕನ್ನಡದಲ್ಲೇ ಮಾತಾಡಬಹುದು. ಸಾದಾ ಫೋನೇ ಸಾಕು. ಮೊದಲು ಸಲಹೆಗಾರರು ಸಿಗುತ್ತಾರೆ. ಬೇಕಿದ್ದರೆ ಡಾಕ್ಟರಿಗೆ ಸೇರಿಸುತ್ತಾರೆ. ಮನೆಮಂದಿಯೆಲ್ಲ ವಾರಗಟ್ಟಲೆ ಕೂತು ಮಾತಾಡಬೇಕಾದರೆ ಎಲ್ಲಿಗೆ ಹೋಗಬೇಕು ಅಂತಲೂ ಅವರನ್ನೇ ಕೇಳಿ.