ಮಕ್ಕಳನ್ನು ಬಂಡೆ ಹತ್ತಲು ಬಿಡುವಿರಾ?

ನಡೆಯಲು ಕಲಿತ ಮಗು ಅದರ ನಂತರ ಮಾಡುವ ಕೆಲಸವೇನು ಎಂಬುದನ್ನು ನೀವು ಗಮನಿಸಿರಬಹುದು. ಅದು ಹತ್ತುತ್ತದೆ. ಮಂಚ, ಕುರ್ಚಿ, ಕಿಟಕಿಯ ಸರಳು, ಅಡುಗೆಮನೆಯ ಕಟ್ಟೆ, ಯಾವುದನ್ನೂ ಬಿಡುವುದಿಲ್ಲ. ನಾವು ಒಲೆಯ ಮುಂದೆ ನಿಂತಲ್ಲಿಂದಲೇ "ಇಳಿ, ಬೀಳ್ತೀಯ" ಎಂದು ಕೂಗುತ್ತೇವೆ. ಗಂಡು ಮಗುವಾದರೆ ಆರೇಳು ವರ್ಷಕ್ಕೆ ಆ ಕೂಗು ಕಡಿಮೆಯಾಗುತ್ತದೆ. ಅವನು ಬೀದಿಗೆ ಹೋಗಿ ಯಾರದೋ ಸೀಬೆ ಮರ ಹತ್ತುತ್ತಾನೆ. ಹೆಣ್ಣು ಮಗುವಿಗೆ ಅದೇ ವಯಸ್ಸಿನಲ್ಲಿ ಕೂಗು ಹೆಚ್ಚಾಗುತ್ತದೆ. ನಾನು ಪಾಠ ಮಾಡುವ ಶಾಲೆಯಲ್ಲಿ ಆಟದ ಪೀರಿಯಡ್ ಬಂತೆಂದರೆ ಐದನೇ ತರಗತಿಯ ಹುಡುಗಿಯರು ಗೋಡೆಯ ಬದಿಯಲ್ಲಿ ಸಾಲಾಗಿ ಕೂರುತ್ತಾರೆ. ಕೂರಿ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಆದ್ದರಿಂದ, ಮಕ್ಕಳನ್ನು ಬಂಡೆ ಹತ್ತಿಸಲು ಕರೆದೊಯ್ಯುವ ವಿಷಯವನ್ನು ನಿಮ್ಮ ಮುಂದೆ ಇಡುವಾಗ ನನ್ನ ಮನಸ್ಸಿನಲ್ಲಿ ಮುಖ್ಯವಾಗಿ ಇರುವುದು ಹೆಣ್ಣು ಮಕ್ಕಳೇ. ಇದು ಶ್ರೀಮಂತರ ಶೋಕಿ, ನಮಗೇಕೆ ಎಂದು ಕೆಲವರಿಗೆ ಅನಿಸಬಹುದು. ರಾಮನಗರವನ್ನೇ ನೋಡಿ. ಟಿಪ್ಪುವಿನ ಕಾಲದಲ್ಲಿ ಶಂಶೇರಾಬಾದ್, ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂದು ಕರೆಸಿಕೊಂಡ ಊರು ಅದು. ಅಲ್ಲಿನ ಬಂಡೆಗಳಿಗೆ ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಅವುಗಳ ವಯಸ್ಸು ಸುಮಾರು 250 ಕೋಟಿ ವರ್ಷ. 1975ರಲ್ಲಿ ತೆರೆಕಂಡ 'ಶೋಲೆ' ಚಿತ್ರದ ಬಂಡೆಗಳು ಇವೇ. ಬೆಂಗಳೂರಿನ ಯುವಕರು ಎಷ್ಟೋ ವರ್ಷಗಳಿಂದ ಇಲ್ಲಿ ಹಗ್ಗ ಕಟ್ಟಿ ಹತ್ತುವುದನ್ನು ಕಲಿಯುತ್ತಿದ್ದಾರೆ. ಅದೇ ಊರಿನಲ್ಲಿ ರೇಷ್ಮೆ ನೂಲು ತೆಗೆಯುವ ನಮ್ಮವರ ಮನೆಗಳು ಎಷ್ಟಿಲ್ಲ? ಬಾಗಿಲು ತೆರೆದರೆ ಬಂಡೆ ಕಾಣುವ ಮನೆಯ ಮಕ್ಕಳು ಅದನ್ನು ಮುಟ್ಟದೆ ಬೆಳೆಯುತ್ತಾರೆ.

ಕಳೆದ ಚಳಿಗಾಲದಲ್ಲಿ ನನ್ನ ತಂಗಿ ಒಂಬತ್ತು ವರ್ಷದ ಮಗನನ್ನು ತರಬೇತುದಾರರ ಒಂದು ತಂಡದ ಜೊತೆ ಅಲ್ಲಿಗೆ ಕರೆದೊಯ್ಯಲು ಸಿದ್ಧಳಾದಳು. ಏಳು ವರ್ಷದ ಮಗಳು ತಾನೂ ಬರುವೆನೆಂದು ಹಟ ಹಿಡಿದಳು. ಅತ್ತೆಯವರು, "ನೋಡಮ್ಮಾ, ಹುಡುಗಿ ಅವಳು. ಕೈಯೋ ಕಾಲೋ ಮುರಿದರೆ ನಾಳೆ ಯಾರು ಕೇಳ್ತಾರೆ?" ಎಂದರು. ತಂಗಿ ನನಗೆ ಫೋನ್ ಮಾಡಿ, "ಆಪಾ, ನೀವೂ ಬಂದರೆ ಅತ್ತೆ ಒಪ್ಪಿಯಾರು" ಎಂದಳು. ನಾನು ಹೋದೆ. ಮುರಿಯುವ ಭಯ ಸುಳ್ಳಲ್ಲ. ಆದರೆ ಮೂಳೆ ಇರುವುದು ಮಗನಿಗೂ ಅಲ್ಲವೇ?

ಹಗ್ಗ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿದುಕೊಂಡರೆ ಅರ್ಧ ಭಯ ಹೋಗುತ್ತದೆ. ಉಳಿದ ಅರ್ಧ ಇರಬೇಕಾದದ್ದೇ. ಮೊದಲ ದಿನ ಮಕ್ಕಳನ್ನು ಹತ್ತಿಸುವ ಕ್ರಮಕ್ಕೆ 'ಟಾಪ್ ರೋಪ್' ಎನ್ನುತ್ತಾರೆ. ಬಂಡೆಯ ನೆತ್ತಿಯಲ್ಲಿ ಭದ್ರವಾದ ಆಧಾರಗಳಿಗೆ ಕೊಂಡಿ ಹಾಕಿ, ಅದರ ಮೂಲಕ ಹಗ್ಗವನ್ನು ಹಾಯಿಸಿ ಎರಡೂ ತುದಿಗಳನ್ನು ಕೆಳಗೆ ಬಿಡುತ್ತಾರೆ. ಬಾವಿಯ ರಾಟೆಯನ್ನು ನೆನಪಿಸಿಕೊಳ್ಳಿ. ಒಂದು ತುದಿ ಮಗುವಿನ ಸೊಂಟಪಟ್ಟಿಗೆ, ಅಂದರೆ ಹಾರ್ನೆಸ್‌ಗೆ. ಇನ್ನೊಂದು ತುದಿಯನ್ನು ಕೆಳಗೆ ನಿಂತವರು ತಮ್ಮ ಹಾರ್ನೆಸ್‌ಗೆ ಸಿಕ್ಕಿಸಿದ ಒಂದು ಸಣ್ಣ ಸಾಧನದ ಮೂಲಕ ಹಿಡಿದಿರುತ್ತಾರೆ. ಮಗು ಏರಿದಂತೆ ಅವರು ಸಡಿಲವಾದ ಹಗ್ಗವನ್ನು ಎಳೆದುಕೊಳ್ಳುತ್ತಾರೆ. ಮಗುವಿನ ಕೈ ಜಾರಿದರೆ ಅದು ನೆಲಕ್ಕೆ ಬೀಳುವುದಿಲ್ಲ. ಹಗ್ಗ ಹಿಗ್ಗುವಷ್ಟು ಮಾತ್ರ ಕೆಳಗಿಳಿದು ಅಲ್ಲೇ ತೂಗುತ್ತದೆ. ಈ ಹಗ್ಗ ಸುಮಾರು 10 ಮಿ.ಮೀ. ದಪ್ಪವಿದ್ದು, ಏಟನ್ನು ನುಂಗುವಂತೆ ಹೆಣೆದದ್ದು. ಬಾವಿಯ ಹಗ್ಗ, ಲಾರಿಯ ಹಗ್ಗ, ಬಟ್ಟೆ ಒಣಹಾಕುವ ಹಗ್ಗ ಇದಕ್ಕೆ ಬದಲಿಯಲ್ಲ. ಮಕ್ಕಳ ಅಪ್ಪಂದಿರು ಉತ್ಸಾಹದಲ್ಲಿ ಏನಾದರೂ ಪ್ರಯೋಗಕ್ಕೆ ಇಳಿದರೆ ನೀವೇ ತಡೆಯಿರಿ. ಚಿತ್ರದುರ್ಗದ ಕೋಟೆಯ ಗೋಡೆಯನ್ನು ಜ್ಯೋತಿರಾಜ್ ಬರಿಗೈಯಲ್ಲಿ ಏರುವುದನ್ನು ಮಕ್ಕಳು ಟಿ.ವಿ.ಯಲ್ಲಿ ನೋಡಿರುತ್ತಾರೆ. ಅದು ಅವರ ವರ್ಷಗಳ ಅಭ್ಯಾಸ, ಅನುಕರಿಸುವ ಆಟವಲ್ಲ ಎಂದು ಮನೆಯಲ್ಲೇ ತಿಳಿಸಿ ಹೊರಡಿ.

ಚಿಕ್ಕ ಮಕ್ಕಳ ವಿಷಯದಲ್ಲಿ ಒಂದು ವ್ಯತ್ಯಾಸವಿದೆ. ಅವರಿಗೆ ಸೊಂಟ ಸಣ್ಣದು, ತಲೆಯ ಭಾರ ಹೆಚ್ಚು. ದೊಡ್ಡವರ ಸೊಂಟಪಟ್ಟಿಯನ್ನು ಬಿಗಿದರೆ ತೂಗುವಾಗ ತಲೆಕೆಳಗಾಗಿ ಅದರಿಂದ ಜಾರಿಬಿಡುವ ಅಪಾಯವಿದೆ. ಆದ್ದರಿಂದ ಭುಜದ ಮೇಲಿಂದಲೂ ಪಟ್ಟಿ ಬರುವ ಪೂರ್ಣದೇಹದ ಹಾರ್ನೆಸ್ ಇದೆಯೇ ಎಂದು ಮುಂಚಿತವಾಗಿ ಕೇಳಿ. ಇಲ್ಲ ಎಂದರೆ ಆ ತಂಡ ಬೇಡ. ಹೆಲ್ಮೆಟ್ ಹಣೆಯನ್ನು ಮುಚ್ಚಬೇಕು, ಹಿಂದಕ್ಕೆ ವಾಲಬಾರದು. ಗಂಟು ಎಂಟರ ಆಕಾರದಲ್ಲಿರುತ್ತದೆ. ಅದನ್ನು ಹಾಕಿದವರೊಬ್ಬರು, ಪರೀಕ್ಷಿಸುವವರು ಇನ್ನೊಬ್ಬರು ಇರಬೇಕು. ಪ್ರತಿ ಸಲವೂ ಮಗು ನೆಲ ಬಿಡುವ ಮೊದಲು ಗಂಟು, ಬಕಲ್, ಕೊಂಡಿಯ ತಿರುಪು ಮೂರನ್ನೂ ನೋಡಬೇಕು. ತಾಯಿಯಾದ ನೀವು ಹತ್ತಿರ ಹೋಗಿ ನೋಡುವುದರಲ್ಲಿ ಸಂಕೋಚ ಬೇಡ. ಒಳ್ಳೆಯ ತರಬೇತುದಾರರು ಇದಕ್ಕೆ ಬೇಸರಪಡುವುದಿಲ್ಲ. ಹಗ್ಗ ಹಿಡಿದವರು ಬ್ರೇಕಿನ ಕೈಯನ್ನು ಒಂದು ಕ್ಷಣವೂ ಬಿಡಬಾರದು, ಮೊಬೈಲಂತೂ ಮುಟ್ಟಲೇಬಾರದು. ಆ ಕೆಲಸವನ್ನು ಮೊದಲ ದಿನವೇ ನೀವು ವಹಿಸಿಕೊಳ್ಳಬೇಡಿ, ಕಲಿತವರು ಮಾಡಲಿ. ಬೆಂಗಳೂರಿನಲ್ಲಿ ಸರಕಾರದ ಕ್ರೀಡಾ ಇಲಾಖೆಗೆ ಸೇರಿದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ಖಾಸಗಿ ತಂಡಗಳೂ ಇವೆ. ಮಹಿಳಾ ತರಬೇತುದಾರರು ಇದ್ದಾರೆಯೇ ಎಂದು ಕೇಳುವ ಹಕ್ಕು ನಿಮಗಿದೆ.

ಉಡುಪಿನ ಪ್ರಶ್ನೆ ನಮ್ಮ ಮನೆಗಳಲ್ಲಿ ಮೊದಲೇ ಬರುತ್ತದೆ. ಅದೊಂದು ಅಡ್ಡಿಯೇ ಅಲ್ಲ. ಮೈಮುಚ್ಚುವ ಉಡುಪೇ ಬಂಡೆಗೆ ಒಳ್ಳೆಯದು, ಮೊಣಕಾಲು, ಮೊಣಕೈ ತರಚುವುದಿಲ್ಲ. ಸಲ್ವಾರ್ ಅಥವಾ ಪ್ಯಾಂಟಿನ ಮೇಲೆ ಕುರ್ತಾ ಹಾಕಿ ಅದರ ಮೇಲೆ ಹಾರ್ನೆಸ್ ಬಿಗಿಯಬಹುದು. ಸ್ಕಾರ್ಫ್ ತೆಳುವಾಗಿದ್ದು ಹೆಲ್ಮೆಟ್‌ನ ಒಳಗೆ ಕೂತು, ತುದಿಗಳು ಕುರ್ತಾದೊಳಗೆ ಸೇರಿರಬೇಕು. ಪಿನ್ನು ಬೇಡ. ಜೋತಾಡುವ ದುಪಟ್ಟಾ, ಬಿಚ್ಚಿದ ಜಡೆ ಹಗ್ಗದ ಸಾಧನದಲ್ಲಿ ಸಿಕ್ಕಿಕೊಂಡರೆ ಅನಾಹುತ. ಬಳೆ, ಉಂಗುರ, ಕಾಲ್ಗೆಜ್ಜೆ, ಕುತ್ತಿಗೆಯ ಸರ, ದಾರ ಎಲ್ಲವನ್ನೂ ಮನೆಯಲ್ಲೇ ತೆಗೆದಿಡಿ. ಉಂಗುರ ಬಿರುಕಿನಲ್ಲಿ ಸಿಕ್ಕಿದರೆ ಬೆರಳಿಗೇ ಕುತ್ತು. ಚಪ್ಪಲಿ, ಸ್ಯಾಂಡಲ್ ನಡೆಯುವುದಿಲ್ಲ, ಪಾದಕ್ಕೆ ಸರಿಯಾಗಿ ಕೂರುವ ಕ್ಯಾನ್ವಾಸ್ ಶೂ ಮೊದಲ ದಿನಕ್ಕೆ ಸಾಕು. ಇಂಡೋನೇಷ್ಯಾದ ಆರಿಸ್ ಸುಸಾಂತಿ ರಹಾಯು ತಲೆಗೆ ಹಿಜಾಬ್ ಧರಿಸಿಯೇ 2019ರಲ್ಲಿ ಚೀನಾದ ಸ್ಪರ್ಧೆಯೊಂದರಲ್ಲಿ 15 ಮೀಟರ್ ಗೋಡೆಯನ್ನು 6.995 ಸೆಕೆಂಡಿನಲ್ಲಿ ಏರಿದರು. ಏಳು ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಏರಿದ ಮೊದಲ ಮಹಿಳೆ ಅವರು. ಆ ದಾಖಲೆಯನ್ನು ನಂತರ ಬೇರೆಯವರು ಮುರಿದರು, ಅದು ಬೇರೆ ಮಾತು.

ಇನ್ನೊಂದು, ಅತ್ತರ್ ಹಚ್ಚಿಕೊಂಡು ಹೋಗಬೇಡಿ. ನಗೆಯ ಮಾತಲ್ಲ. ಈ ಬಂಡೆಗಳ ಮಗ್ಗುಲಲ್ಲಿ ಹೆಜ್ಜೇನು ಗೂಡು ಕಟ್ಟುತ್ತದೆ. ಗಾಢ ಪರಿಮಳ, ಹೊಗೆ, ಗದ್ದಲ ಅವನ್ನು ಕೆರಳಿಸಬಹುದು. ಗೂಡು ಕಂಡ ಬಂಡೆಯನ್ನು ಬಿಟ್ಟು ಬೇರೆ ಕಡೆ ಹೋಗುವುದೇ ಸರಿ. ಅನೇಕ ಬೆಟ್ಟಗಳು ಅರಣ್ಯ ಇಲಾಖೆಯವು. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಆದ್ದರಿಂದ ಜಾಗಕ್ಕೆ ಅನುಮತಿ ಇದೆಯೇ ಎಂಬುದನ್ನು ತಂಡದವರಲ್ಲಿ ಮೊದಲೇ ಖಚಿತಪಡಿಸಿಕೊಳ್ಳಿ.

ಇನ್ನು ಬಂಡೆಯ ಬುಡದಲ್ಲಿ ನಿಂತ ನಮ್ಮ ಬಾಯಿಯ ವಿಷಯ. ನನಗೆ ಎಲ್ಲಕ್ಕಿಂತ ಕಷ್ಟವೆನಿಸಿದ್ದು ಇದೇ. ತಂಗಿಯ ಮಗ ಸರಸರನೆ ಏರಿ ಇಳಿದ. ಮಗಳು ಸುಮಾರು ಎಂಟು ಅಡಿ ಏರಿ ನಿಂತುಬಿಟ್ಟಳು. ಬಂಡೆಯನ್ನು ಅಪ್ಪಿಕೊಂಡಳು, ಕಾಲು ನಡುಗುತ್ತಿತ್ತು. ಕೆಳಗಿನಿಂದ ತಂಗಿ "ಹುಷಾರು", ಅಣ್ಣ "ಮೇಲೆ ನೋಡು", ಇನ್ಯಾರೋ "ಶಾಬಾಶ್, ಇನ್ನೊಂದೇ ಹೆಜ್ಜೆ" ಎಂದು ಒಟ್ಟಿಗೇ ಕೂಗಿದರು. ತರಬೇತುದಾರ ಹುಡುಗಿ ಎಲ್ಲರನ್ನೂ ಸುಮ್ಮನಿರಿಸಿ, "ಎದೆಯನ್ನು ಬಂಡೆಯಿಂದ ಸ್ವಲ್ಪ ದೂರ ತಗೊ. ಹಿಮ್ಮಡಿ ಕೆಳಗೆ ಇಡು" ಎಂದಳು. ಇಳಿಜಾರು ಗ್ರಾನೈಟಿನಲ್ಲಿ ಹೆದರಿ ಅಪ್ಪಿಕೊಂಡಷ್ಟೂ ಪಾದದ ಮೇಲಿನ ಭಾರ ತಪ್ಪಿ ಕಾಲು ಜಾರುತ್ತದಂತೆ. ನೇರ ನಿಂತರೆ ರಬ್ಬರು ಕಚ್ಚಿ ಹಿಡಿಯುತ್ತದೆ. ಮಗು ನಿಂತಳು. ಆದರೂ "ಅಮ್ಮಿ, ಇಳಿಸಿ" ಎಂದಳು. ತಂಗಿ "ಇಷ್ಟು ದೂರ ಬಂದು..." ಎಂದು ಬಾಯಿ ತೆರೆಯುವಷ್ಟರಲ್ಲಿ ತರಬೇತುದಾರ ಹುಡುಗಿ ಹಗ್ಗ ಬಿಡುತ್ತಾ ಇಳಿಸಿಯೇಬಿಟ್ಟಳು.

ಅದು ನನಗೆ ಬಹಳ ಹಿಡಿಸಿತು. 'ಇಳಿಸಿ' ಎಂದರೆ ಇಳಿಸುತ್ತಾರೆ ಎಂಬ ನಂಬಿಕೆ ಬಂದ ಮಗು ಮಾತ್ರ ಮತ್ತೆ ಹತ್ತುತ್ತದೆ. ಬಲವಂತದಿಂದ ನೆತ್ತಿ ಮುಟ್ಟಿಸಿದರೆ ಫೋಟೊ ಸಿಗುತ್ತದೆ, ಅಷ್ಟೆ. ಆಕೆ ಕೂತು ಒಂದು ಬಾಳೆಹಣ್ಣು ತಿಂದಳು, ಇರುವೆಗಳ ಸಾಲು ನೋಡಿದಳು. ಅರ್ಧ ಗಂಟೆಯ ಬಳಿಕ ನನ್ನ ಕೈ ಹಿಡಿದು, "ಖಾಲಾ, ಹಗ್ಗ ಇನ್ನೂ ಇದೆಯಾ?" ಎಂದಳು. ಎರಡನೇ ಸಲ ಆ ಎಂಟು ಅಡಿಯನ್ನು ದಾಟಿ ಒಂದು ಬಿರುಕಿನವರೆಗೆ ಹೋದಳು. ನೆತ್ತಿ ಇನ್ನೂ ದೂರವಿತ್ತು. ಇಳಿಯುವಾಗ ಹಿಂದಕ್ಕೆ ಒರಗಿ, ಕಾಲು ಅಗಲಿಸಿ ಬಂಡೆಯ ಮೇಲೆ ನಡೆದು ಬರುವುದೂ ಅಭ್ಯಾಸವಾಗಿತ್ತು. ಈ ಇಳಿಯುವ ಪಾಠವನ್ನು ಮೊದಲು ಮೂರ್ನಾಲ್ಕು ಅಡಿ ಎತ್ತರದಲ್ಲೇ ಮಾಡಿಸಿಕೊಳ್ಳುವುದು ಒಳ್ಳೆಯದು, ಮಕ್ಕಳಿಗೆ ಹತ್ತುವುದಕ್ಕಿಂತ ಹಗ್ಗವನ್ನು ನಂಬಿ ಕೈಬಿಡುವುದೇ ಕಷ್ಟ. ಮೊದಲ ದಿನಕ್ಕೆ ಎರಡು ಮೂರು ಸರದಿ ಸಾಕು.

ಬೆರಳ ತುದಿಯ ಚರ್ಮ ಒಂದೆರಡು ದಿನ ಉರಿಯುತ್ತದೆ, ಕೊಬ್ಬರಿ ಎಣ್ಣೆ ಹಚ್ಚಿ. ಮನೆಯಲ್ಲಿ ಬಾಗಿಲ ಚೌಕಟ್ಟಿಗೆ ಬೆರಳಲ್ಲಿ ಜೋತು ಬಿದ್ದು ಅಭ್ಯಾಸ ಮಾಡಲು ಬಿಡಬೇಡಿ, ಬೆಳೆಯುವ ಮೂಳೆಗೆ ಅದು ಪೆಟ್ಟು. ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ಬೇಸಿಗೆಯಲ್ಲಿ ಬಂಡೆ ಹೆಂಚಿನಂತೆ ಕಾಯುತ್ತದೆ, ಮಳೆಗಾಲದಲ್ಲಿ ಒದ್ದೆಯಾಗಿ ಜಾರುತ್ತದೆ. ಫಜ್ರ್ ಮುಗಿಸಿ ಬೆಂಗಳೂರಿನಿಂದ ಹೊರಟರೆ ಸುಮಾರು 50 ಕಿ.ಮೀ. ದೂರದ ರಾಮನಗರವನ್ನು ತಲುಪಿ, ಬಿಸಿಲೇರುವ ಮೊದಲೇ ಹತ್ತಿ ಮುಗಿಸಬಹುದು. ನೀರು ಹೆಚ್ಚೇ ಇರಲಿ. ಬುತ್ತಿಯನ್ನು ಕೋತಿಗಳ ಕಣ್ಣಿಗೆ ಬೀಳದಂತೆ ಚೀಲದೊಳಗೆ ಕಟ್ಟಿಡಿ.