ಇಬ್ಬರ ಮಾತನ್ನೂ ಕೇಳಿದ್ದೀರಾ?

ಬಂಧುಗಳ ದಾಂಪತ್ಯ ಮುರಿಯುವ ಹಂತಕ್ಕೆ ಬಂದಿದೆ, ನೀವೇ ಬಂದು ಮಾತಾಡಿ ಎಂದು ನಿಮಗೆ ಕರೆ ಬರುತ್ತದೆ. ಹೊರಡುವ ಮುನ್ನ ಯೋಚಿಸಿ: ನೀವು ಮೊದಲು ಕೇಳಿದ್ದು ಯಾರ ಮಾತು?

ಕೆಲವು ವರ್ಷಗಳ ಹಿಂದೆ ಇಂತಹ ಮಾತುಕತೆಯಲ್ಲಿ ನಾನೂ ಕುಳಿತಿದ್ದೆ. ಹಿಂದಿನ ರಾತ್ರಿಯೇ ಗಂಡ ನನ್ನ ಮನೆಗೆ ಬಂದು ಅತ್ತಿದ್ದ. ಮರುದಿನ ಎಂಟು ಮಂದಿ ಗಂಡಸರ ನಡುವೆ ಹುಡುಗಿ ತಲೆತಗ್ಗಿಸಿ ಸುಮ್ಮನಿದ್ದಳು. ಅದನ್ನು ಹಟವೆಂದು ತಿಳಿದು, 'ಹೊಂದಿಕೊಂಡು ಹೋಗಮ್ಮ' ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನನ್ನ ಪತ್ನಿ ಅವಳನ್ನು ಒಳಗೆ ಕರೆದೊಯ್ದು ವಿಚಾರಿಸಿದಳು. ಆಗಲೇ ತೋಳಿನ ಬಾಸುಂಡೆಗಳು ಕಂಡದ್ದು.

ಪವಿತ್ರ ಕುರ್‌ಆನ್ (4:35) ಎರಡೂ ಕುಟುಂಬಗಳಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಲು ಹೇಳುತ್ತದೆ. 2002ರ ಶಮೀಮ್ ಆರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ತಲಾಕ್‌ಗೆ ಮುನ್ನ ಇಂತಹ ಸಂಧಾನ ನಡೆದಿರಬೇಕೆಂದಿತು. ನಮ್ಮಲ್ಲಾದರೋ ಹೆಣ್ಣಿನ ಕಡೆಯವರು ಇರುತ್ತಾರೆ, ಹೆಣ್ಣಿನ ಮಾತು ಇರುವುದಿಲ್ಲ. ಎರಡನೆಯವರ ಮಾತನ್ನೂ ಕೇಳದೆ ತೀರ್ಪು ನೀಡಬಾರದೆಂದು ಪ್ರವಾದಿವರ್ಯರು(ಸ) ಹಝ್ರತ್ ಅಲಿ(ರ)ಯವರಿಗೆ ಬೋಧಿಸಿದ್ದರು.

ಹೇಗಾದರೂ ಒಂದುಗೂಡಿಸಿ ಹೆಸರು ಪಡೆಯುವ ಆಸೆಯೂ ನಮ್ಮನ್ನು ವಾಲಿಸುತ್ತದೆ. ದಾಸ್ಯದಿಂದ ಬಿಡುಗಡೆ ಹೊಂದಿದ ಬರೀರಾ(ರ) ಪತಿ ಮುಗೀಸ್‌ರನ್ನು(ರ) ತೊರೆದಾಗ, ಮರಳಬಾರದೇ ಎಂದು ಪ್ರವಾದಿವರ್ಯರು(ಸ) ಕೇಳಿದರು. ಇದು ಆಜ್ಞೆಯೇ ಎಂದು ಆಕೆ ವಿಚಾರಿಸಿದರು. ಶಿಫಾರಸು ಮಾತ್ರ ಎಂಬ ಉತ್ತರ ಬಂತು. ಆಕೆ ಒಪ್ಪಲಿಲ್ಲ, ಪ್ರವಾದಿವರ್ಯರು(ಸ) ಒತ್ತಾಯಿಸಲಿಲ್ಲ.

ಮುಂದೆ ಯಾರಾದರೂ ನಿಮ್ಮನ್ನು ಸಂಧಾನಕ್ಕೆ ಕರೆದರೆ, ಸಭೆಯಲ್ಲಿ ಬಾಯಿ ತೆರೆಯಲಾರದವರ ಮಾತನ್ನು ಮೊದಲು ಪ್ರತ್ಯೇಕವಾಗಿ ಕೇಳಿ. ನಂತರವೇ ನಿಮ್ಮ ಬಾಯಿ ತೆರೆಯಿರಿ.